ಗೋಲು ಬಿಡದಿದ್ದರೆ ಗೆಲುವು, ಬಿಟ್ಟರೆ ಸೋಲು: ಮಾರ್ಕು ಕಾನೆರ್ವ ಫಿನ್ಲೆಂಡನ್ನು ಯೂರೋ ಕಪ್‌ಗೆ ಒಯ್ದ ಬಗೆ

2019ರ ನವೆಂಬರ್ 15ರ ಸಂಜೆ, ಹೆಲ್ಸಿಂಕಿಯ ತೋಲೊ ಬಡಾವಣೆಯ ಪುಟ್ಟ ಫುಟ್‌ಬಾಲ್ ಅಂಗಳ. ಸುತ್ತ ಕೂತವರು ಸುಮಾರು ಹತ್ತು ಸಾವಿರ ಜನ. ನಗರದ ದೊಡ್ಡ ಒಲಿಂಪಿಕ್ ಕ್ರೀಡಾಂಗಣ ನವೀಕರಣಕ್ಕೆಂದು ಮುಚ್ಚಿತ್ತು. ಹಾಗಾಗಿ ಯುರೋಪಿನ ದೇಶಗಳ ಯೂರೋ ಕಪ್‌ನ ಇಡೀ ಅರ್ಹತಾ ಸುತ್ತಿನ ತವರು ಪಂದ್ಯಗಳನ್ನು ಫಿನ್ಲೆಂಡ್ ಟಾಂಪೆರೆ, ತುರ್ಕು, ತೋಲೊ ಎಂದು ಊರೂರಿಗೆ ಹಂಚಿಕೊಂಡು ಆಡಿತ್ತು. ಅಂದಿನ ಎದುರಾಳಿ ಲಿಕ್ಟೆನ್‌ಸ್ಟೈನ್, ಗುಂಪಿನಲ್ಲೇ ದುರ್ಬಲ ತಂಡ.

ಡ್ರಾ ಮಾಡಿಕೊಂಡರೆ ಸಾಕು ಎಂದು ಆ ದಿನ ಹೇಳುವಂತಿರಲಿಲ್ಲ. ಯೂರೋಗೆ ನೇರ ಪ್ರವೇಶ ಗುಂಪಿನ ಮೊದಲೆರಡು ತಂಡಗಳಿಗೆ. ಎಂಟು ಪಂದ್ಯಗಳಿಂದ ಫಿನ್ಲೆಂಡಿಗೆ 15 ಅಂಕ, ಹಿಂದಿದ್ದ ಬೋಸ್ನಿಯಾಗೆ 10. ಫಿನ್ಲೆಂಡ್ ಡ್ರಾ ಮಾಡಿಕೊಂಡು ಕೊನೆಯ ಪಂದ್ಯ ಸೋತರೆ 16ಕ್ಕೆ ನಿಲ್ಲುತ್ತದೆ. ಬೋಸ್ನಿಯಾ ಉಳಿದ ಎರಡನ್ನೂ ಗೆದ್ದರೆ ಅದಕ್ಕೂ 16. ಅಂಕ ಸಮವಾದಾಗ ಮೊದಲು ನೋಡುವುದು ಆ ಎರಡು ತಂಡಗಳ ಪರಸ್ಪರ ಪಂದ್ಯಗಳನ್ನು. ಫಿನ್ಲೆಂಡ್ ಬೋಸ್ನಿಯಾ ವಿರುದ್ಧ ಟಾಂಪೆರೆಯಲ್ಲಿ 2–0 ಗೆದ್ದು, ಝೆನಿತ್ಸಾದಲ್ಲಿ 1–4 ಸೋತಿತ್ತು. ಕೂಡಿಸಿದರೆ 3–4. ಒಂದೇ ಒಂದು ಗೋಲಿನ ಕೊರತೆ. ಅದಕ್ಕೇ ಗೆಲ್ಲಲೇಬೇಕಿತ್ತು.

ಗೆದ್ದರು. 21ನೇ ನಿಮಿಷದಲ್ಲಿ ಯಸ್ಸೆ ತುವೊಮಿನೆನ್, ವಿರಾಮದ ನಂತರ ತೇಮು ಪುಕ್ಕಿ ಎರಡು, ಅದರಲ್ಲಿ ಒಂದು ಪೆನಾಲ್ಟಿ. 3–0. ವಿಶ್ವಕಪ್ ಅರ್ಹತಾ ಸುತ್ತುಗಳಲ್ಲಿ 1938ರ ಕಪ್‌ನ ಕಾಲದಿಂದ ಅದೃಷ್ಟ ನೋಡುತ್ತಲೇ ಬಂದ ಪುರುಷರ ತಂಡ ಮೊದಲ ಬಾರಿ ಒಂದು ದೊಡ್ಡ ಟೂರ್ನಿಗೆ ಹೋಯಿತು. ಆ ತಂಡದ ಕೋಚ್ ಮಾರ್ಕು ಕಾನೆರ್ವ. ಊರಿನವರ ಬಾಯಲ್ಲಿ ರಿವೆ.

ಈ ಪ್ರಕರಣವನ್ನು ‘ಸಣ್ಣ ದೇಶದ ದೊಡ್ಡ ಕನಸು’ ಎಂದು ಹೇಳಿಬಿಡುವುದು ಸುಲಭ. ಅಂಕಪಟ್ಟಿಯನ್ನು ಬಿಡಿಸಿ ನೋಡಿದರೆ ಬೇರೆಯದೇ ಕಾಣುತ್ತದೆ. ಹತ್ತು ಪಂದ್ಯ, ಆರು ಗೆಲುವು, ನಾಲ್ಕು ಸೋಲು, ಒಂದೂ ಡ್ರಾ ಇಲ್ಲ. ಗೆದ್ದ ಆರೂ ಪಂದ್ಯಗಳಲ್ಲಿ ಎದುರಾಳಿಗೆ ಒಂದು ಗೋಲೂ ಸಿಕ್ಕಿಲ್ಲ: 2–0, 2–0, 2–0, 1–0, 3–0, 3–0. ಸೋತ ನಾಲ್ಕರಲ್ಲೂ ಎರಡು ಅಥವಾ ಹೆಚ್ಚು ಗೋಲು ಬಿಟ್ಟಿದ್ದಾರೆ. ಒಂದು ವರ್ಷ ಹಿಂದಕ್ಕೆ ಹೋಗಿ 2018ರ ನೇಷನ್ಸ್ ಲೀಗ್ (ಯುರೋಪಿನ ದೇಶಗಳ ಇನ್ನೊಂದು ಟೂರ್ನಿ) ನೋಡಿದರೆ ಅಲ್ಲೂ ಇದೇ ನಕ್ಷೆ. ಹಂಗೆರಿ, ಎಸ್ಟೋನಿಯಾ, ಗ್ರೀಸ್ ಜೊತೆಗಿನ ಆರು ಪಂದ್ಯಗಳಲ್ಲಿ ನಾಲ್ಕು ಗೆಲುವು, ನಾಲ್ಕೂ ಗೋಲು ಬಿಡದೆ. ಉಳಿದೆರಡು ಸೋಲು. ಎರಡೂ ಸೇರಿ ಸತತ ಹದಿನಾರು ಸ್ಪರ್ಧಾತ್ಮಕ ಪಂದ್ಯ. ಗೋಲು ಬಿಡದಿದ್ದಾಗಲೆಲ್ಲ ಗೆದ್ದರು, ಬಿಟ್ಟಾಗಲೆಲ್ಲ ಸೋತರು. ಒಂದು ಸಲವೂ ತಪ್ಪಲಿಲ್ಲ. ಇದನ್ನು ಕಾಕತಾಳೀಯ ಎನ್ನಲಾಗದು. ಇದು ಕಟ್ಟಿದ ತಂಡ, ಮತ್ತು ಆ ಕಟ್ಟಡದ ಗಟ್ಟಿತನ, ಬಿರುಕು ಎರಡೂ ಈ ಹದಿನಾರರಲ್ಲೇ ಇವೆ.

ಕಟ್ಟಿದವನ ಹಿನ್ನೆಲೆ

ಕಾನೆರ್ವ ಹುಟ್ಟಿದ್ದು 1964ರಲ್ಲಿ, ಹೆಲ್ಸಿಂಕಿಯಲ್ಲಿ. ಆಡಿದ್ದು ಡಿಫೆಂಡರ್ ಆಗಿ: ತವರಿನ ಎಚ್‌ಜೆಕೆ, ಸ್ವೀಡನ್ನಿನ ಎಲ್ಫ್ಸ್‌ಬೋರ್ಗ್, ಮತ್ತೆ ಹೆಲ್ಸಿಂಕಿಯ ಫಿನ್‌ಪಾ. ದೇಶಕ್ಕಾಗಿ 59 ಪಂದ್ಯ, ಒಂದು ಗೋಲು. ಅವನ ಪೀಳಿಗೆಯ ಫಿನ್ಲೆಂಡ್ ಡಿಫೆಂಡರ್‌ಗಳ ಮಟ್ಟಿಗೆ ಅಂತರರಾಷ್ಟ್ರೀಯ ಫುಟ್‌ಬಾಲ್ ಎಂದರೆ ತೊಂಬತ್ತು ನಿಮಿಷದಲ್ಲಿ ಬಹುಪಾಲು ಚೆಂಡು ಎದುರಾಳಿಯ ಕಾಲಲ್ಲಿರುವ ಆಟ. ಓದಿನಿಂದ ಅವನು ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವನ ತಂಡಗಳಲ್ಲಿ ಪ್ರತಿ ಆಟಗಾರನಿಗೂ ಮಾಡಬೇಕಾದ್ದು ಕಡಿಮೆ, ಆದರೆ ಅದು ಚೊಕ್ಕವಾಗಿ ಬಾಯಿಪಾಠವಾಗಿರುತ್ತಿತ್ತು.

ಕೋಚ್ ಆಗಿ ಅವನ ಹೆಸರು ಕೇಳಿಬಂದದ್ದು 21 ವರ್ಷದೊಳಗಿನವರ ತಂಡದಿಂದ. 2008ರಲ್ಲಿ ಆಸ್ಟ್ರಿಯಾವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಮಣಿಸಿ ಆ ಹುಡುಗರು ತಮ್ಮ ವಯೋಮಿತಿಯ 2009ರ ಯೂರೋಗೆ ಹೋದರು. ಸ್ವೀಡನ್ನಿನಲ್ಲಿ ನಡೆದ ಆ ಟೂರ್ನಿಯಲ್ಲಿ ಇಂಗ್ಲೆಂಡ್, ಜರ್ಮನಿ, ಸ್ಪೇನ್ ಮೂರೂ ಸೋಲಿಸಿದವು. ಆದರೆ ಹತ್ತು ವರ್ಷದ ನಂತರದ ಹಿರಿಯರ ತಂಡಕ್ಕೆ ಬೇಕಾದ ಬೀಜ ಅಲ್ಲಿತ್ತು. ಇಂಗ್ಲೆಂಡ್ ವಿರುದ್ಧ ಪೆನಾಲ್ಟಿ ಹೊಡೆದು ಗೋಲು ಮಾಡಿದ ಟಿಮ್ ಸ್ಪಾರ್ವ್ ಮುಂದೆ ಕಾನೆರ್ವನ ನಾಯಕನಾದ.

ಆಮೇಲೆ ಹಿರಿಯರ ತಂಡದಲ್ಲಿ ಮಿಕ್ಸು ಪಾಟೆಲೈನೆನ್ ಕೈಕೆಳಗೆ ಸಹಾಯಕ ಕೋಚ್. 2015ರ ಜೂನ್‌ನಲ್ಲಿ ಪಾಟೆಲೈನೆನ್ ಕೆಲಸ ಕಳೆದುಕೊಂಡಾಗ ಹಂಗಾಮಿಯಾಗಿ ನಾಲ್ಕು ಪಂದ್ಯ ಕಾನೆರ್ವನ ಕೈಗೆ ಬಂದವು. ಗ್ರೀಸಿನಲ್ಲಿ 1–0, ಫೆರೋ ದ್ವೀಪಗಳ ವಿರುದ್ಧ 1–0, ರೊಮೇನಿಯಾದಲ್ಲಿ 1–1, ಉತ್ತರ ಐರ್ಲೆಂಡ್ ಜೊತೆ 1–1. ಸೋಲಿಲ್ಲ, ಬಿಟ್ಟ ಗೋಲು ಬರೀ ಎರಡು. ಆದರೆ ಅಷ್ಟರಲ್ಲಿ ಫುಟ್‌ಬಾಲ್ ಸಂಸ್ಥೆ ಸ್ವೀಡನ್ನಿನ ಹಾನ್ಸ್ ಬಾಕೆಯನ್ನು ಮುಂದಿನ ಕೋಚ್ ಎಂದು ನೇಮಿಸಿಬಿಟ್ಟಿತ್ತು. ಕಾನೆರ್ವ ಮತ್ತೆ ಸಹಾಯಕನ ಕುರ್ಚಿಗೆ.

2016ರಲ್ಲಿ ಬಾಕೆಯ ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ. ಆ ವರ್ಷವನ್ನು ಒಂದೇ ರಾತ್ರಿಯಲ್ಲಿ ನೋಡಬೇಕೆಂದರೆ ಅಕ್ಟೋಬರ್ 6ರ ರೇಕ್ಯಾವಿಕ್. ಐಸ್ಲೆಂಡ್ ವಿರುದ್ಧ 90ನೇ ನಿಮಿಷದವರೆಗೂ 2–1 ಮುನ್ನಡೆ. ಹೆಚ್ಚುವರಿ ಸಮಯದ ಮೊದಲ ನಿಮಿಷದಲ್ಲಿ ಒಂದು, ಆರನೇ ನಿಮಿಷದಲ್ಲಿ ಇನ್ನೊಂದು ಬಿಟ್ಟು 2–3. ಡಿಸೆಂಬರ್‌ನಲ್ಲಿ ಬಾಕೆ ಹೋದ, ಕಾನೆರ್ವ ಹೆಡ್ ಕೋಚ್ ಆದ.

ಮೂರು ದಿನದ ತಾಲೀಮಿನಲ್ಲಿ ಏನು ಕಲಿಸಬಹುದು

ಕ್ಲಬ್ ಕೋಚ್‌ಗೆ ವಾರಕ್ಕೆ ಐದಾರು ದಿನ ಆಟಗಾರರು ಸಿಗುತ್ತಾರೆ. ರಾಷ್ಟ್ರೀಯ ತಂಡದ ಕೋಚ್‌ಗೆ ಹಾಗಲ್ಲ. ಅಂತರರಾಷ್ಟ್ರೀಯ ವಿರಾಮ ಎಂದರೆ ಸೋಮವಾರ ಹುಡುಗರು ಬಂದಿಳಿಯುತ್ತಾರೆ, ಭಾನುವಾರ ಕ್ಲಬ್‌ಗೆ ಆಡಿದವನಿಗೆ ಮೊದಲ ದಿನ ಬರೀ ವಿಶ್ರಾಂತಿ, ವಾರದ ಕೊನೆಗೆ ಪಂದ್ಯ. ಸರಿಯಾದ ತಾಲೀಮು ಸಿಗುವುದು ಎರಡೋ ಮೂರೋ ಹೊತ್ತು. ಮೂರು ದಿನ ಬಿಟ್ಟು ಎರಡನೇ ಪಂದ್ಯ. 2019ರಲ್ಲಿ ಮಾರ್ಚ್ 23ಕ್ಕೆ ಇಟಲಿಯ ಉದಿನೆ, 26ಕ್ಕೆ ಅರ್ಮೇನಿಯಾ. ಅಕ್ಟೋಬರ್ 12ಕ್ಕೆ ಝೆನಿತ್ಸಾ, 15ಕ್ಕೆ ತುರ್ಕು. ನಡುವಿನ ದಿನಗಳು ವಿಮಾನದಲ್ಲೂ ಐಸ್ ಬಾತ್‌ನಲ್ಲೂ ಕಳೆದುಹೋಗುತ್ತವೆ.

ಫಿನ್ಲೆಂಡಿಗೆ ಇನ್ನೊಂದು ತೊಡಕು. ದೇಶದ ಲೀಗ್ ನಡೆಯುವುದು ವಸಂತದಿಂದ ಶರತ್ಕಾಲದವರೆಗೆ. ಜರ್ಮನಿ, ಇಂಗ್ಲೆಂಡಿನಲ್ಲಿ ಆಡುವವನಿಗೆ ಮಾರ್ಚ್ ಎಂದರೆ ಋತುವಿನ ಬಿರುಸಿನ ಕಾಲ, ತವರಿನಲ್ಲಿ ಆಡುವವನಿಗೆ ಲೀಗ್ ಇನ್ನೂ ಶುರುವೇ ಆಗಿರುವುದಿಲ್ಲ. ಒಂದೇ ಸಾಲಿನಲ್ಲಿ ನಿಂತ ನಾಲ್ವರಲ್ಲಿ ಇಬ್ಬರ ಕಾಲು ಒಂದು ಲಯದಲ್ಲಿ, ಇನ್ನಿಬ್ಬರದು ಬೇರೆ ಲಯದಲ್ಲಿ.

ಇಷ್ಟು ಕಡಿಮೆ ಸಮಯದಲ್ಲಿ ಚೆಂಡನ್ನು ಕಾಲಲ್ಲಿಟ್ಟುಕೊಂಡು ಹೆಣೆಯುವ ಆಟ ಕಲಿಸಲಾಗದು. ಅದಕ್ಕೆ ಒಬ್ಬರ ನಡೆ ಇನ್ನೊಬ್ಬರ ಮೈಗೆ ಗೊತ್ತಿರಬೇಕು, ಅದು ತಿಂಗಳುಗಳ ಕೆಲಸ. ನಿಲ್ಲುವ ಜಾಗ ಕಲಿಸಬಹುದು. ಅದಕ್ಕೇ 4-4-2: ಹಿಂದೆ ನಾಲ್ವರು, ನಡುವೆ ನಾಲ್ವರು, ಮುಂದೆ ಇಬ್ಬರು. ಹಳೆಯ ಫ್ಯಾಷನ್ ಎಂದು ಮೂಗು ಮುರಿದವರಿದ್ದರು. ಆದರೆ ಈ ವಿನ್ಯಾಸದಲ್ಲಿ ಪ್ರತಿಯೊಬ್ಬನ ಪಕ್ಕಕ್ಕೂ ಹಿಂದಕ್ಕೂ ಒಬ್ಬ ಜೊತೆಗಾರ ಇರುತ್ತಾನೆ, ಚೆಂಡು ಎಲ್ಲಿದ್ದರೆ ತಾನು ಎಲ್ಲಿರಬೇಕೆಂಬುದು ಎರಡೇ ಮಾತಿನಲ್ಲಿ ಮುಗಿಯುತ್ತದೆ.

ಹತ್ತಿರದಿಂದ ನೋಡಿದರೆ ಹೀಗೆ. ಎದುರಾಳಿ ಚೆಂಡನ್ನು ಬಲ ಅಂಚಿಗೆ ದಾಟಿಸುತ್ತಾನೆ. ಫಿನ್ಲೆಂಡಿನ ಎಡ ಫುಲ್‌ಬ್ಯಾಕ್, ಎಂದರೆ ಅಂಚಿನ ಡಿಫೆಂಡರ್, ಅವನ ಮೇಲೆ ಹೋಗುತ್ತಾನೆ. ಉಳಿದ ಮೂವರು ಡಿಫೆಂಡರ್‌ಗಳು ಹಗ್ಗ ಕಟ್ಟಿದಂತೆ ಅದೇ ಕಡೆಗೆ ಸರಿಯುತ್ತಾರೆ. ಬಲತುದಿಯ ಫುಲ್‌ಬ್ಯಾಕ್ ಗೋಲಿನ ನಡುಮಧ್ಯಕ್ಕೇ ಬಂದುಬಿಡುತ್ತಾನೆ, ಆಚೆಯ ಅಂಚು ಖಾಲಿ ಬಿದ್ದರೂ ಚಿಂತೆ ಮಾಡುವುದಿಲ್ಲ. ಅಲ್ಲಿಗೆ ಚೆಂಡು ಹೋಗಬೇಕಾದರೆ ನಲವತ್ತು ಗಜ ಗಾಳಿಯಲ್ಲಿ ಹಾರಬೇಕು, ಅದು ಹಾರುವಷ್ಟು ಹೊತ್ತಿಗೆ ಇಡೀ ಸಾಲು ಹಿಂದಿರುಗಿ ಸರಿಯಬಹುದು. ನಡುವಿನ ಸಾಲು ಡಿಫೆಂಡರ್‌ಗಳಿಂದ ಹತ್ತು-ಹನ್ನೆರಡು ಮೀಟರ್ ಮುಂದೆ, ಅದಕ್ಕಿಂತ ದೂರ ಹೋಗಕೂಡದು. ಆ ಸಂದಿನಲ್ಲಿ ಎದುರಾಳಿ ತಿರುಗಿ ನಿಂತನೆಂದರೆ ಆಟ ಕೆಟ್ಟಿತು. ಸ್ಪಾರ್ವ್‌ನ ಕೆಲಸ ಆ ಸಂದನ್ನು ಕಾಯುವುದು. ಅವನ ಪಕ್ಕದ ಗ್ಲೆನ್ ಕಮಾರನ ಕೆಲಸ, ಕಸಿದ ಚೆಂಡನ್ನು ಗಾಬರಿಯಿಲ್ಲದೆ ಇಬ್ಬರನ್ನು ದಾಟಿಸಿ ಮುಂದೆ ಕೊಡುವುದು.

ಮುಂದೆ ಇರುವವನು ಪುಕ್ಕಿ. 2018–19ರಲ್ಲಿ ನಾರಿಚ್‌ಗಾಗಿ ಇಂಗ್ಲೆಂಡಿನ ಎರಡನೇ ಹಂತದ ಲೀಗ್‌ನಲ್ಲಿ 29 ಗೋಲು ಹೊಡೆದವನು. ಅವನಿಗೆ ಬೇಕಾದ್ದು ತುಂಬ ಚೆಂಡಲ್ಲ, ಡಿಫೆಂಡರ್‌ನ ಬೆನ್ನ ಹಿಂದೆ ಬಯಲು. ಫಿನ್ಲೆಂಡ್ ಹಿಂದೆ ಸರಿದಷ್ಟೂ ಎದುರಾಳಿ ಮೇಲೆ ಬರುತ್ತಾನೆ, ಅವನ ಹಿಂದೆ ಬಯಲು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ರಕ್ಷಣೆಯೇ ಇಲ್ಲಿ ಆಕ್ರಮಣದ ಮೊದಲ ಹೆಜ್ಜೆ. ಯೂರೋ ಅರ್ಹತಾ ಸುತ್ತಿನ 16 ಗೋಲುಗಳಲ್ಲಿ ಹತ್ತು ಪುಕ್ಕಿಯವು. ಕೊನೆಯ ಕಾವಲಿಗೆ, ಆಗ ಜರ್ಮನಿಯ ಲೆವರ್ಕೂಸೆನ್ ಕ್ಲಬ್‌ನಲ್ಲಿದ್ದ ಗೋಲ್‌ಕೀಪರ್ ಲುಕಾಸ್ ಹ್ರಾಡೆಟ್ಸ್ಕಿ.

ಇದು ಒಂದೇ ದಿನದಲ್ಲಿ ಕೂಡಿಬಂದದ್ದಲ್ಲ. 2017ರ ಸೆಪ್ಟೆಂಬರ್‌ನಲ್ಲಿ, ಹಿಂದಿನ ವರ್ಷ ಕೈಯಿಂದ ಗೆಲುವು ಕಸಿದಿದ್ದ ಅದೇ ಐಸ್ಲೆಂಡನ್ನು ಟಾಂಪೆರೆಯಲ್ಲಿ 1–0 ಸೋಲಿಸಿದರು. ಅಲೆಕ್ಸಾಂಡರ್ ರಿಂಗ್‌ನ ಫ್ರೀಕಿಕ್, ಎಂಟನೇ ನಿಮಿಷ, ಆಮೇಲೆ ಎಂಬತ್ತು ನಿಮಿಷ ಬಾಗಿಲು ಮುಚ್ಚಿ ನಿಂತರು. ಮುಂದಿನ ತಿಂಗಳು ರಿಯೆಕಾದಲ್ಲಿ ಕ್ರೊಯೇಷಿಯಾ ವಿರುದ್ಧ ಮೊದಲ ಬಾರಿ ದೇಶಕ್ಕೆ ಆಡುತ್ತಿದ್ದ ಪ್ಯೂರಿ ಸೊಯ್ರಿ 90ನೇ ನಿಮಿಷದಲ್ಲಿ 1–1 ಮಾಡಿದ. ಆ ಒಂದು ಗೋಲಿನಿಂದ ಮರುದಿನ ಕ್ರೊಯೇಷಿಯಾದ ಕೋಚ್ ಆಂಟೆ ಚಾಚಿಚ್ ಕೆಲಸ ಕಳೆದುಕೊಂಡ. ಅವನ ಜಾಗಕ್ಕೆ ಬಂದ ಝ್ಲಾಟ್ಕೊ ದಾಲಿಚ್ 2018ರ ವಿಶ್ವಕಪ್ ಫೈನಲ್‌ವರೆಗೆ ತಂಡ ಒಯ್ದ.

ಬಿರುಕು ಎಲ್ಲಿ

ಝೆನಿತ್ಸಾದ 1–4 ಈ ವಿಧಾನದ ದೌರ್ಬಲ್ಯವನ್ನು ಚೆನ್ನಾಗಿ ತೋರಿಸುತ್ತದೆ. ಮೊದಲ ಗೋಲು ಬಿಟ್ಟ ಕ್ಷಣದಿಂದ ಲೆಕ್ಕ ತಿರುಗುಮುರುಗು. ಈಗ ಹಿಂದೆ ನಿಂತು ಕಾಯುವ ಹಕ್ಕು ಎದುರಾಳಿಯದು. ಫಿನ್ಲೆಂಡ್ ಸಾಲು ಮುಂದೆ ತರಲೇಬೇಕು. ಪೌಲುಸ್ ಅರಾಯೂರಿಯಂಥ ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್) ತಲೆಯೆತ್ತರದ ಚೆಂಡಿಗೆ, ಮೈಗೆ ಮೈ ತಾಗಿಸುವ ಆಟಕ್ಕೆ ಗಟ್ಟಿ. ಆದರೆ ಬೆನ್ನ ಹಿಂದೆ ಮೂವತ್ತು ಮೀಟರ್ ಬಯಲು ಬಿಟ್ಟು ಓಡಿಸಿದರೆ ಕಷ್ಟ. ಸಾಲು ಮುಂದೆ ಬಂದಾಗ ನಡುವಿನ ಹತ್ತು-ಹನ್ನೆರಡು ಮೀಟರ್ ಇಪ್ಪತ್ತಾಗುತ್ತದೆ, ಸ್ಪಾರ್ವ್ ಒಬ್ಬನೇ ಅಷ್ಟಗಲ ಕಾಯಲಾರ. ಇತ್ತ ಪುಕ್ಕಿಯ ಮುಂದೆ ಓಡಲು ಜಾಗವೇ ಇಲ್ಲ, ಎದುರಾಳಿಯ ಎಂಟು ಜನ ಪೆನಾಲ್ಟಿ ಪೆಟ್ಟಿಗೆಯ ಮುಂದೆ ನಿಂತಿದ್ದಾರೆ. ಒಂದು ಗೋಲಿನ ಹಿನ್ನಡೆ ನಾಲ್ಕಾಗುವುದು ಹೀಗೆ.

ಟಾಂಪೆರೆಯಲ್ಲಿ ಇಟಲಿ ವಿರುದ್ಧ ಪುಕ್ಕಿ ಪೆನಾಲ್ಟಿಯಿಂದ 1–1 ಮಾಡಿದ್ದು 72ನೇ ನಿಮಿಷದಲ್ಲಿ. ಏಳೇ ನಿಮಿಷಕ್ಕೆ ಜೊರ್ಜಿನ್ಯೊ ಇನ್ನೊಂದು ಪೆನಾಲ್ಟಿಯಿಂದ ಮುನ್ನಡೆ ವಾಪಸು ಕೊಂಡ. ಅಥೆನ್ಸಿನಲ್ಲಿ ಮೊದಲು ಗೋಲು ಹೊಡೆದೂ 1–2 ಸೋತರು. ಆದರೂ 18 ಅಂಕ ಬಂತು, ಎರಡನೇ ಸ್ಥಾನಕ್ಕೆ ಅಷ್ಟು ಸಾಕಾಯಿತು. ಏಕೆಂದರೆ ಗ್ರೀಸ್ 14, ಬೋಸ್ನಿಯಾ 13, ಅರ್ಮೇನಿಯಾ 10: ಈ ಮೂವರು ತಮ್ಮತಮ್ಮಲ್ಲೇ ಅಂಕ ಕಿತ್ತುಕೊಂಡಿದ್ದರು. ಇದನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕೋಪನ್‌ಹೇಗನ್, ಸೇಂಟ್ ಪೀಟರ್ಸ್‌ಬರ್ಗ್

ಕೋವಿಡ್‌ನಿಂದ ಒಂದು ವರ್ಷ ತಡವಾಗಿ 2021ರ ಜೂನ್ 12ರಂದು ಫಿನ್ಲೆಂಡ್ ತನ್ನ ಮೊದಲ ಯೂರೋ ಪಂದ್ಯಕ್ಕಿಳಿಯಿತು, ಡೆನ್ಮಾರ್ಕ್‌ನ ತವರಿನಲ್ಲೇ. ಕಾನೆರ್ವ ಹಿಂದಿನ ಸಾಲಿನ ನಾಲ್ವರನ್ನು ಐವರು ಮಾಡಿದ್ದ. 43ನೇ ನಿಮಿಷದಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸೆನ್ ಕುಸಿದುಬಿದ್ದ. ಅಂಗಳದಲ್ಲೇ ಅವನ ಹೃದಯವನ್ನು ಮತ್ತೆ ನಡೆಸಿದರು. ಗ್ಯಾಲರಿಯಲ್ಲಿ ಫಿನ್ಲೆಂಡಿನವರು ‘ಕ್ರಿಸ್ಟಿಯನ್’ ಎಂದು ಕೂಗಿದರೆ ಡೆನ್ಮಾರ್ಕಿನವರು ‘ಎರಿಕ್ಸೆನ್’ ಎಂದು ಪೂರ್ತಿ ಮಾಡುತ್ತಿದ್ದರು. ಸುಮಾರು ಒಂದೂಮುಕ್ಕಾಲು ಗಂಟೆಯ ನಂತರ ಆಟ ಮುಂದುವರಿಯಿತು. ಆ ಸ್ಥಿತಿಯಲ್ಲಿ ಆಡಿದ ಪಂದ್ಯವನ್ನು ತಂತ್ರದ ಕಣ್ಣಿನಿಂದಷ್ಟೇ ಅಳೆಯುವುದು ಡೆನ್ಮಾರ್ಕಿನ ಹುಡುಗರಿಗೆ ಮಾಡುವ ಅನ್ಯಾಯ. ನಡೆದದ್ದು ಇಷ್ಟು: ಯೆರೆ ಉರೋನೆನ್ ಎಡದಿಂದ ಎತ್ತಿಕೊಟ್ಟ ಚೆಂಡಿಗೆ ಯೋಯೆಲ್ ಪೊಹ್ಯಾನ್‌ಪಾಲೊ ತಲೆಕೊಟ್ಟ, ಗೋಲಾಯಿತು. ಅವನು ಸಂಭ್ರಮಿಸಲಿಲ್ಲ. ಡೆನ್ಮಾರ್ಕಿನ ಹೊಯ್ಬ್ಯರ್‌ನ ಪೆನಾಲ್ಟಿಯನ್ನು ಹ್ರಾಡೆಟ್ಸ್ಕಿ ಹಿಡಿದ. ಡೆನ್ಮಾರ್ಕ್ ಇಪ್ಪತ್ತಕ್ಕೂ ಹೆಚ್ಚು ಬಾರಿ ಗೋಲಿಗೆ ಗುರಿಯಿಟ್ಟಿತು, ಫಿನ್ಲೆಂಡ್ ಒಂದೇ ಬಾರಿ. 1–0.

ಅಂದು ಕೊನೆಯ ಕಾಲು ಗಂಟೆಗೆ ಪುಕ್ಕಿಯ ಜಾಗಕ್ಕೆ ಬಂದವನು ಯೋನಿ ಕೌಕೊ. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನೋಡುವವರಿಗೆ ಈ ಹೆಸರು ಹೊಸದಲ್ಲ. ಆ ಯೂರೋ ಮುಗಿಸಿಯೇ ಅವನು ಕೋಲ್ಕತ್ತದ ಮೋಹನ್ ಬಗಾನ್ ಸೇರಿದ್ದು.

ರಷ್ಯಾ ವಿರುದ್ಧ ಪೊಹ್ಯಾನ್‌ಪಾಲೊ ಆರಂಭದಲ್ಲೇ ಹೊಡೆದ ಗೋಲನ್ನು ಆಫ್‌ಸೈಡ್ ಎಂದು ವಿಎಆರ್ (ವಿಡಿಯೊ ನೋಡಿ ಕೊಡುವ ತೀರ್ಪು) ತಳ್ಳಿಹಾಕಿತು. ವಿರಾಮದ ಹೊಸ್ತಿಲಲ್ಲಿ ಒಂದು ಬಿಟ್ಟು 0–1. ಕೊನೆಯದು ಬೆಲ್ಜಿಯಂ. 74ನೇ ನಿಮಿಷದವರೆಗೂ 0–0, ಹಾಗೇ ಮುಗಿದಿದ್ದರೆ ನಾಲ್ಕು ಅಂಕ, ಗುಂಪಿನಲ್ಲಿ ಎರಡನೇ ಸ್ಥಾನ, ನಾಕೌಟ್. ಆಗ ಕಾರ್ನರ್‌ನಿಂದ ಬಂದ ಹೆಡರ್ ಕಂಬಕ್ಕೆ ಬಡಿದು, ಹ್ರಾಡೆಟ್ಸ್ಕಿಯ ಕೈಗೆ ತಾಗಿ ಗೆರೆ ದಾಟಿತು. ಏಳು ನಿಮಿಷದ ನಂತರ ಲುಕಾಕು ಎರಡನೆಯದು ಹೊಡೆದ. ಮೂರು ಅಂಕ, ಗೋಲು ವ್ಯತ್ಯಾಸ ಮೈನಸ್ ಎರಡು. ಮೂರನೇ ಸ್ಥಾನದವರಲ್ಲಿ ಕಡೆಯದಾಗಿ ಮುಂದೆ ಹೋದ ಉಕ್ರೇನಿಗೂ ಮೂರೇ ಅಂಕ, ವ್ಯತ್ಯಾಸ ಮೈನಸ್ ಒಂದು.

ಅದೇ ಅಂಕ, ಬೇರೆ ಸ್ಥಾನ

ನಡುವೆ ಒಳ್ಳೆಯ ದಿನಗಳೂ ಇದ್ದವು. 2020ರ ನವೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲೇ ವಿಶ್ವ ಚಾಂಪಿಯನ್ ಫ್ರಾನ್ಸನ್ನು ಸ್ನೇಹಪರ ಪಂದ್ಯದಲ್ಲಿ 2–0 ಸೋಲಿಸಿದರು. 2021ರಲ್ಲಿ ಅದೇ ಝೆನಿತ್ಸಾದಲ್ಲಿ, ಮೊದಲಾರ್ಧದಲ್ಲೇ ಹತ್ತು ಜನರಾದರೂ, ಬೋಸ್ನಿಯಾವನ್ನು 3–1 ಸೋಲಿಸಿದರು. ಗೋಲು ಬಿಟ್ಟರೂ ಗೆಲ್ಲುವುದನ್ನು ತಂಡ ಕಲಿಯುತ್ತಿದೆ ಎನ್ನಿಸಿದ ಕಾಲ ಅದು. ಆದರೆ ವಿಶ್ವಕಪ್ ಅರ್ಹತೆಯಲ್ಲಿ ಉಕ್ರೇನಿಗಿಂತ ಒಂದಂಕ ಹಿಂದೆ, 11ಕ್ಕೆ ನಿಂತರು.

2024ರ ಯೂರೋ ಅರ್ಹತಾ ಸುತ್ತನ್ನು 2019ರ ಪಕ್ಕದಲ್ಲಿಟ್ಟು ನೋಡಬೇಕು. ಮತ್ತೆ ಹತ್ತು ಪಂದ್ಯ, ಮತ್ತೆ ಆರು ಗೆಲುವು, ನಾಲ್ಕು ಸೋಲು, ಡ್ರಾ ಇಲ್ಲ, ಮತ್ತೆ 18 ಅಂಕ. ಆದರೆ ಈ ಬಾರಿ ಡೆನ್ಮಾರ್ಕ್, ಸ್ಲೊವೇನಿಯ ಎರಡೂ 22. ಹಿಂದಿನ ಸಲದಂತೆ ಕೆಳಗಿನವರು ಅಂಕ ಹಂಚಿಕೊಂಡು ದಾರಿ ಬಿಡಲಿಲ್ಲ. 2023ರ ಅಕ್ಟೋಬರ್ 17ರಂದು ಹೆಲ್ಸಿಂಕಿಯಲ್ಲಿ ಕಜಕಿಸ್ತಾನದ ವಿರುದ್ಧ 76ನೇ ನಿಮಿಷದವರೆಗೂ 1–0 ಮುನ್ನಡೆಯಲ್ಲಿದ್ದು, ಕೊನೆಯಲ್ಲಿ ಬಖ್ತಿಯಾರ್ ಝೈನುತ್ದಿನೋವ್‌ಗೆ ಎರಡು ಗೋಲು ಬಿಟ್ಟು ಸೋತದ್ದೇ ಎಲ್ಲದಕ್ಕೂ ಕಾರಣ ಎಂದು ಬಹಳ ಜನ ಹೇಳುತ್ತಾರೆ. ಲೆಕ್ಕ ಹಾಗಿಲ್ಲ. ಅದನ್ನು ಗೆದ್ದಿದ್ದರೂ 21 ಆಗುತ್ತಿತ್ತು. ನಿಜವಾದ ನಷ್ಟ ಆದದ್ದು ಮೂರು ದಿನ ಮೊದಲು ಸ್ಲೊವೇನಿಯದಲ್ಲಿ, 0–3. ಎರಡನೇ ಸ್ಥಾನಕ್ಕೆ ಪೈಪೋಟಿ ಇದ್ದದ್ದು ಅವರೊಂದಿಗೆ, ಸೋತದ್ದೂ ಅವರಿಗೇ. ನೇಷನ್ಸ್ ಲೀಗ್ ದಾರಿಯಿಂದ ಸಿಕ್ಕ ಪ್ಲೇಆಫ್‌ನಲ್ಲಿ 2024ರ ಮಾರ್ಚ್ 21ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ಮೂರನೇ ನಿಮಿಷದಲ್ಲೇ ಗೋಲು ಹೊಡೆಯಿತು, 4–1ಕ್ಕೆ ಮುಗಿಯಿತು.

ಏನು ಬದಲಾಗಿತ್ತು? ವಿಧಾನ ಅಷ್ಟೇನೂ ಬದಲಾಗಿರಲಿಲ್ಲ, ಅದನ್ನು ಹೊತ್ತವರು ಬದಲಾಗಿದ್ದರು. ಸ್ಪಾರ್ವ್, ಅರಾಯೂರಿ ನಿವೃತ್ತರಾಗಿದ್ದರು. 2021ರಲ್ಲಿ ಯಾರಿ ಲಿಟ್ಮನೆನ್‌ನ 32 ಗೋಲುಗಳ ದಾಖಲೆ ಮುರಿದಿದ್ದ ಪುಕ್ಕಿಗೆ ಈಗ 34ರ ಹತ್ತಿರ ವಯಸ್ಸು. ನಿಲ್ಲುವ ಜಾಗವನ್ನು ಮೂರು ದಿನದಲ್ಲಿ ಹೊಸಬನಿಗೆ ಕಲಿಸಬಹುದು. ಆ ಜಾಗದಲ್ಲಿ ಹತ್ತು ವರ್ಷ ಜೊತೆ ನಿಂತವರಿಗೆ ಮಾತಿಲ್ಲದೆ ಗೊತ್ತಾಗುವುದನ್ನು ಕಲಿಸಲಾಗದು. ಅದಿಲ್ಲದೆ ಸಾಲು ಒಂದು ಹೆಜ್ಜೆ ತಡವಾಗಿ ಸರಿಯುತ್ತದೆ, ಈ ಮಟ್ಟದಲ್ಲಿ ಅಷ್ಟು ಸಾಕು ಗೋಲಿಗೆ. ಇಷ್ಟು ಹೇಳಿದ ಮೇಲೆ ಕೋಚ್‌ನ ಪಾಲನ್ನೂ ಹೇಳಬೇಕು: ಹಿನ್ನಡೆಯಿಂದ ಎದ್ದುಬರುವ ಎರಡನೇ ಆಟವೊಂದನ್ನು ಎಂಟು ವರ್ಷದಲ್ಲಿ ಅವನಿಂದ ಕಟ್ಟಲಾಗಲಿಲ್ಲ.

ಅಂದಹಾಗೆ, ಈ ತಂಡದ ಅಡ್ಡಹೆಸರು ‘ಹೂಹ್ಕಾಯತ್’, ಎಂದರೆ ಕೊಂಬಿನ ಗೂಬೆಗಳು. 2007ರ ಜೂನ್‌ನಲ್ಲಿ ಬೆಲ್ಜಿಯಂ ಪಂದ್ಯದ ನಡುವೆ ನಿಜವಾದ ಗೂಬೆಯೊಂದು ಹಾರಿಬಂದು ಗೋಲ್‌ಕಂಬದ ಮೇಲೆ ಕೂತಿತು, ಫಿನ್ಲೆಂಡ್ 2–0 ಗೆದ್ದಿತು, ಹೆಸರು ನಿಂತಿತು. ನಮ್ಮಲ್ಲಿ ಅಪಶಕುನವಾದ ಹಕ್ಕಿ ಅಲ್ಲಿ ತಂಡದ ಹೆಮ್ಮೆ.

2024ರ ನೇಷನ್ಸ್ ಲೀಗ್‌ನಲ್ಲಿ ಇಂಗ್ಲೆಂಡ್, ಗ್ರೀಸ್, ಐರ್ಲೆಂಡ್ ಜೊತೆ ಆರು ಪಂದ್ಯ, ಆರೂ ಸೋಲು. ಹೊಡೆದದ್ದು ಎರಡು, ಬಿಟ್ಟದ್ದು ಹದಿಮೂರು, ಗೋಲು ಬಿಡದ ಪಂದ್ಯ ಒಂದೂ ಇಲ್ಲ. ಡಬ್ಲಿನ್‌ನಲ್ಲಿ 0–1 ಇದ್ದಾಗ ಪೆನಾಲ್ಟಿ ಸಿಕ್ಕಿತು. ಪೊಹ್ಯಾನ್‌ಪಾಲೊ ಹೊಡೆದದ್ದನ್ನು ಐರ್ಲೆಂಡಿನ ಗೋಲ್‌ಕೀಪರ್ ತಡೆದ. ಮೂರು ದಿನದ ನಂತರ, ನವೆಂಬರ್ 17ರಂದು ಹೆಲ್ಸಿಂಕಿಯಲ್ಲಿ ಗ್ರೀಸ್ ವಿರುದ್ಧ ವಿರಾಮದವರೆಗೂ ಗೋಲು ಬಿಡದೆ ಹಿಡಿದು ನಿಂತರು. ವಿರಾಮದ ನಂತರ ಎರಡು ಬಿಟ್ಟರು. ಕಾನೆರ್ವನ ಫಿನ್ಲೆಂಡ್ ಆಡಿದ ಕೊನೆಯ ಪಂದ್ಯ ಅದು. 2025ರ ಆರಂಭದಲ್ಲಿ ಡೆನ್ಮಾರ್ಕಿನ ಯಾಕೊಬ್ ಫ್ರೀಸ್ ಅವನ ಜಾಗಕ್ಕೆ ಬಂದ.